ಐದನೆಯ ಎಲೆಯವರೆಗೆ

ನಮ್ಮ ಮನೆಯಲ್ಲಿ ಉರಿಯುತ್ತಿದ್ದದ್ದು ಒಂದೇ ಒಲೆ. ಅದರ ಮುಂದೆ ಇಬ್ಬರು ಸೊಸೆಯಂದಿರು ಕೂರುತ್ತಿದ್ದರು. ದೊಡ್ಡವ್ವ ರೊಟ್ಟಿ ಬಡಿಯುವಳು, ಅವ್ವ ಬೇಯಿಸುವಳು. ದೊಡ್ಡವ್ವ ಎಂದರೆ ದೊಡ್ಡಪ್ಪನ ಹೆಂಡತಿ ಬಸಮ್ಮ, ನಾರಾಯಣಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುವವರ ಮಗಳು. ನನ್ನ ಅವ್ವ ಶರಣಮ್ಮ ಅದೇ ಸೀಮೆಯ ಮದ್ದೂರು ಕಡೆಯ ಒಕ್ಕಲು ಮನೆಯಿಂದ ಬಂದವಳು. ಇಬ್ಬರ ಕೈಯೂ ಒಂದೇ ತಾಳಕ್ಕೆ ಬಿದ್ದು ಹೋಗಿತ್ತು. ರೊಟ್ಟಿ ಹಂಚಿಗೆ ಬೀಳುವ ಸದ್ದು, ತಿರುವಿ ಹಾಕುವ ಸದ್ದು, ನಡುವೆ ಅವರ ಮಾತು, ಇವುಗಳ ಒಳಗೇ ನಾನು ಬೆಳೆದೆ. ಅಡುಗೆಮನೆಗೆ ಅಂಟಿಕೊಂಡು ಪಡಸಾಲೆ, ನೆಲಕ್ಕೆ ಶಾಬಾದಿ ಕಲ್ಲು. ಪಡಸಾಲೆಯ ಮೂಲೆಯಲ್ಲಿ ದೇವರ ಜಗಲಿ. ಹಿಂಬಾಗಿಲು ದಾಟಿದರೆ ಹಿತ್ತಲು. ಅಲ್ಲಿ ಬೇವು, ನುಗ್ಗೆ, ಔಡಲ, ಗೋಡೆಯ ಉದ್ದಕ್ಕೂ ಪುಂಡಿಸೊಪ್ಪು. ಪುಂಡಿಪಲ್ಯಕ್ಕೆ ಎಲೆ ಬಿಡಿಸಿ ತರುವುದು ನನ್ನ ಕೆಲಸವಾಗಿತ್ತು. ಒಂದೇ ಗಿಡದಲ್ಲಿ ಕೆಳಗಿನ ಎಲೆ ದುಂಡಗೆ, ಮೇಲಿನದು ಬೆರಳು ಬಿಚ್ಚಿದ ಅಂಗೈಯಂತೆ. ಯಾಕೆ ಹೀಗೆ ಎಂದು ಆಯಿಯನ್ನು ಕೇಳಿದ್ದೆ. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಯಜಮಾನಿ.

"ನೀ ಹುಟ್ಟಿದಾಗ ನಿನಗ ಹಲ್ಲು ಇದ್ದವೇನು?" ಎಂದಿದ್ದಳು ಆಯಿ. "ಅದಕ್ಕೂ ವಯಸ್ಸು ಬರಬೇಕಬೇ."

ನಮ್ಮ ಊರು ಮಕ್ತಲ್‌ನಿಂದ ಕೃಷ್ಣೆ ದಾಟಿ ಗದ್ವಾಲ್ ಕಡೆಗೆ ಹೋಗುವ ದಾರಿಯಲ್ಲಿದೆ. ಆ ಕಡೆಯ ಹೊಲಗಳಲ್ಲಿ ಹತ್ತಿ ಬೆಳೆಯುವುದು ನೂಲಿಗಲ್ಲ, ಬೀಜಕ್ಕೆ. ಎರಡು ಜಾತಿಯ ಹತ್ತಿಯನ್ನು ಕೈಯಿಂದ ಕೂಡಿಸಿ ಹುಟ್ಟಿಸುವ ಬೀಜ. ಸಂಜೆ ಹೊಲಕ್ಕೆ ಹೋಗಿ, ತಾಯಿಯೆಂದು ಗೊತ್ತುಮಾಡಿದ ಹೆಣ್ಣು ಗಿಡದಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಉಗುರಿನಿಂದ ಸುಲಿದು, ಒಳಗಿನ ಹಳದಿ ಪರಾಗದ ತಂತುಗಳನ್ನು ತೆಗೆದು, ಗುರುತಿಗೆ ಕೆಂಪು ಕಾಗದದ ಚೂರು ಸಿಕ್ಕಿಸಬೇಕು. ಮರುದಿನ ಬೆಳಗ್ಗೆ ಗಂಡು ಗಿಡದ ಹೂವು ತಂದು ಅದಕ್ಕೆ ಸವರಬೇಕು. ಹಿಂದಿನ ಸಂಜೆ ಸುಲಿಯದೆ ಬಿಟ್ಟ ಮೊಗ್ಗು ಬೆಳಗ್ಗೆ ತಾನಾಗಿ ಅರಳಿದರೆ ಕಿತ್ತು ಬಿಸಾಡಬೇಕು. ಬಿಟ್ಟರೆ ಅದು ತನ್ನದೇ ಪರಾಗಕ್ಕೆ ಕಾಯಿ ಕಟ್ಟುತ್ತದೆ. ಅದನ್ನು ಊರಲ್ಲಿ ಎಲ್ಲರೂ 'ಸೆಲ್ಫ್' ಎನ್ನುತ್ತಿದ್ದರು. ಬೀಜದ ಕಂಪನಿಯ ಪರವಾಗಿ ಊರಿನ ಹೊಲಗಳನ್ನು ನೋಡಿಕೊಳ್ಳುವ ಆರ್ಗನೈಸರ್‌ಗೆ ಆ ಪದವೆಂದರೆ ಸಿಟ್ಟು. ನಾನು ಹೇಳಹೊರಟಿರುವ ವರ್ಷ ಕಂಪನಿ ಕೊಟ್ಟ ಹೆಣ್ಣು ಗಿಡದ ಎಲೆ ಅಗಲ, ಮಾಮೂಲಿ ಹತ್ತಿಯ ಎಲೆ. ಗಂಡು ಗಿಡದ್ದು ಬೆಂಡೆಯ ಎಲೆಯಂತೆ ಆಳವಾಗಿ ಸೀಳಿದ್ದು, ಕಾಗೆಯ ಕಾಲಿನ ಹಾಗೆ. ಸರಿಯಾಗಿ ಕೂಡಿದ ಬೀಜ ಬಿತ್ತಿದರೆ ಬರುವ ಎಲೆ ಎರಡರ ನಡುವಿನದು, ಅರೆ ಸೀಳು. ಸೆಲ್ಫ್ ಆದ ಬೀಜದ್ದು ತಾಯಿಯ ಹಾಗೆ ಅಗಲ. ಬೀಜ ಶುದ್ಧವೋ ಅಲ್ಲವೋ ಎಂಬುದನ್ನು ಕಂಪನಿಯವರು ಈ ಎಲೆ ನೋಡಿಯೇ ಹೇಳುತ್ತಿದ್ದರು.

ಹೊಲದ ಸಾಲುಗಳನ್ನು ಆಯಿ ಇಬ್ಬರು ಸೊಸೆಯಂದಿರಿಗೆ ಹಂಚಿದ್ದಳು. ರಸ್ತೆಯ ಕಡೆಯವು ಅವ್ವನವು, ಬಾವಿಯ ಕಡೆಯವು ದೊಡ್ಡವ್ವನವು. ನಮ್ಮ ಮನೆಯಲ್ಲಿ ಒಂದು ಪದ್ಧತಿಯೂ ಇತ್ತು. ಹತ್ತಿ ಬಿಡಿಸಿದಾಗಲೆಲ್ಲ ಇಬ್ಬರೂ ತಮ್ಮ ತಮ್ಮ ಸಾಲಿನಿಂದ ಒಂದೊಂದು ಹಿಡಿ ತಂದು ಜಗಲಿಯ ಮೇಲೆ ಇಡಬೇಕು. ಆಯಿ ಅದರ ಬೀಜ ಬಿಡಿಸಿ, ಅರಳೆಯನ್ನು ತೊಡೆಯ ಮೇಲೆ ಹೊಸೆದು ದೀಪಕ್ಕೆ ಬತ್ತಿ ಮಾಡುವಳು. ಬೆಳಗಿನ ದೀಪಕ್ಕೆ ಹಿರಿಯ ಸೊಸೆಯ ಬತ್ತಿ, ಸಂಜೆಯ ದೀಪಕ್ಕೆ ಕಿರಿಯಳದ್ದು. ಬಿಡಿಸಿದ ಬೀಜವನ್ನು ಎಸೆಯಬಾರದು. ಎರಡು ಕುಡಿಕೆಗಳಲ್ಲಿ ಬೇರೆ ಬೇರೆಯಾಗಿ ಇಡುತ್ತಿದ್ದಳು. ಅದು ಯಾಕೆಂದು ಯಾರೂ ಕೇಳಿದ್ದಿಲ್ಲ.

ಪರಾಗ ಸವರುವ ಆ ಹಂಗಾಮಿನಲ್ಲೇ ತೆಲಂಗಾಣ ಬೇರೆ ರಾಜ್ಯವಾಗಬೇಕೆಂದು ದೊಡ್ಡ ಸಮ್ಮೆ, ಎಂದರೆ ಮುಷ್ಕರ, ನಡೆಯಿತು. ಬಸ್ಸು ನಿಂತವು, ನಮ್ಮ ಶಾಲೆಗೆ ಬೀಗ ಬಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಆಡುವ ನಮಗೆ ಈ ಗದ್ದಲದಲ್ಲಿ ಏನು ಕೆಲಸ ಎಂದು ದೊಡ್ಡಪ್ಪ ಕೇಳಿದ್ದುಂಟು. ಅವ್ವ ಕೇಳುವ ಗೋಜಿಗೇ ಹೋಗಲಿಲ್ಲ. ಊರ ಹೆಂಗಸರು ರಸ್ತೆಯ ಮೇಲೆ ಒಲೆ ಹೂಡಿ, ಅನ್ನ ಬೇಯಿಸಿ, ಅಲ್ಲೇ ಕೂತು ಉಣ್ಣುವ 'ವಂಟಾ ವಾರ್ಪು' ಮಾಡಿದಾಗ ದೊಡ್ಡ ಹಂಡೆ ಹೊತ್ತು ಹೋದವಳು ಅವಳೇ. ಆಮೇಲೆಯೂ ಎಷ್ಟೋ ಸಂಜೆ ತೆಲಂಗಾಣದ ಹೂವಿನ ಹಬ್ಬವಾದ ಬತುಕಮ್ಮನ ಹಾಡು ಹೇಳುತ್ತ ಅವರ ಜೊತೆ ಹೋಗಿ ಕೂತು ಬಂದಳು. ಮರುದಿನ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಹೊಲಕ್ಕೆ ಓಡಿ, ಸುಲಿಯದೆ ಉಳಿದು ಅರಳಿದ ಹೂವುಗಳನ್ನು ಹುಡುಕಿ ಕೀಳುತ್ತಿದ್ದಳು.

ಬೇಸಿಗೆ ರಜೆಯಲ್ಲಿ ಆರ್ಗನೈಸರ್ ಬಂದು ಪಡಸಾಲೆಯಲ್ಲಿ ಕೂತು, ನೀರು ಕುಡಿದು, ನಮ್ಮ ಬೀಜದ ಲಾಟ್ ಫೇಲ್ ಆಗಿದೆ ಎಂದ. ಅಗಲ ಎಲೆಯ ಗಿಡಗಳು ಬಹಳ ಬಂದಿವೆಯಂತೆ. ಆ ಬೀಜ ಇನ್ನು ಗಾಣಕ್ಕೇ ಹೋಗಬೇಕು. ಅವನು ಹೊರಟ ಮೇಲೆ ಅಡುಗೆಮನೆಯಲ್ಲಿ ಮಾತು ಶುರುವಾಯಿತು.

"ನನ್ನ ಸಾಲಿನ್ಯಾಗ ಒಂದು ಮೊಗ್ಗಿ ಬಿಟ್ಟಿಲ್ಲ ನಾ," ಎಂದಳು ದೊಡ್ಡವ್ವ. "ಸೀರಿ ಅಂಗಡ್ಯಾಗ ಎಳಿ ಎಳಿ ನೋಡಿ ಬೆಳದ ಕಣ್ಣು ಇವು."

"ಸೀರಿ ನೋಡೂ ಕಣ್ಣು ಬ್ಯಾರೆ, ಬೆಳಿ ನೋಡೂ ಕಣ್ಣು ಬ್ಯಾರೆ ಅಕ್ಕಾ. ನಾ ಹೊಲದಾಗ ಹುಟ್ಟೀನಿ."

"ಹುಟ್ಟಿದ್ದು ಹೊಲದಾಗ. ಸಂಜೀಕ ಕುಂತಿದ್ದು ರಸ್ತೇದಾಗ."

ಅಂದು ರೊಟ್ಟಿಯ ತಾಳ ತಪ್ಪಿತು. ಬಡಿದ ರೊಟ್ಟಿ ಹಿಟ್ಟು ನಾದುವ ಮರದ ಕೊಣಮಿಗೆಯಲ್ಲಿ ಕಾಯುತ್ತ ಕೂತಿತು, ಹಂಚು ಖಾಲಿ ಕಾಯಿತು. ಹಲವು ದಿನ ಹೀಗೆಯೇ ನಡೆಯಿತು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹಿತ್ತಲಲ್ಲಿ. ಉಪ್ಪಿನ ಡಬ್ಬಿ ಬೇಕಾದರೆ ನನ್ನ ಮೂಲಕ ಕೇಳುವುದು. ಕೊನೆಗೆ ದೊಡ್ಡಪ್ಪ ಊಟಕ್ಕೆ ಕೂತವನು ತಟ್ಟೆ ಸರಿಸಿ ಹೇಳಿದ.

"ಇಬ್ಬರಿಗೂ ಒಂದೊಂದು ಒಲಿ ಹಾಕಿ ಕೊಡ್ತೀನಿ. ಅವರವರ ಹೊಗಿ ಅವರವರ ಕಣ್ಣಿಗೆ."

ನಮ್ಮ ಕಡೆ ಎರಡನೆಯ ಒಲೆ ಹೂಡಿದರೆ ಮನೆ ಒಡೆದಂತೆ. ಮೊದಲು ಒಲೆ ಬೇರೆಯಾಗುತ್ತದೆ, ಆಮೇಲೆ ಕಾಳಿನ ಚೀಲ, ಆಮೇಲೆ ಹೊಲ, ಆಮೇಲೆ ಮಾತು. ಆಯಿ ಉಂಡು ಮುಗಿಸಿ, ಕೈ ತೊಳೆದು, ಜಗಲಿಯಿಂದ ಎರಡು ಕುಡಿಕೆ ತಂದು ಎಲ್ಲರ ನಡುವೆ ಇಟ್ಟಳು.

"ಒಲಿ ಎಂದಾದ್ರೂ ಹಾಕಬಹುದು. ಬೀಜ ನನ್ನ ಹತ್ರ ಅದಾವು. ತಪ್ಪು ಯಾರ ಸಾಲಿಂದು ಅಂತ ಕೇಳೂದಿದ್ರ ಮೊದಲು ಅವನ್ನ ಕೇಳ್ರಿ."

ಹಿತ್ತಲಲ್ಲಿ ಎರಡು ಮಡಿ ಮಾಡಿದರು. ಬೇವಿನ ಕಡೆಯದು ಅವ್ವನದು, ನುಗ್ಗೆಯ ಕಡೆಯದು ದೊಡ್ಡವ್ವನದು. ಇಬ್ಬರೂ ತಮ್ಮ ಕುಡಿಕೆಯ ಬೀಜವನ್ನು ತಾವೇ ಊರಿದರು. ನೀರು ಹಾಕುವ ಕೆಲಸವನ್ನು ಆಯಿ ನನಗೆ ಕೊಟ್ಟಳು.

"ಈಕಿಗೆ ಮಾತು ಕಮ್ಮಿ, ಕಣ್ಣು ಚಲೋ ಅದಾವು," ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಾ ಕೇಳೂತನಕ ಕಂಡಿದ್ದು ಯಾರಿಗೂ ಹೇಳಬ್ಯಾಡ. ನಿಮ್ಮವ್ವಗೂ ಹೇಳಬ್ಯಾಡ," ಎಂದಳು.

ಮನೆಯಲ್ಲಿ ಯಾರೂ ನನಗೆ ಅಂಥದ್ದೊಂದು ಕೆಲಸ ಕೊಟ್ಟಿರಲಿಲ್ಲ. ಮಾತು ಕಡಿಮೆ ಎಂಬುದನ್ನು ಅಲ್ಲಿಯವರೆಗೆ ನನ್ನ ಕೊರತೆ ಎಂದೇ ಎಲ್ಲರೂ ಹೇಳುತ್ತಿದ್ದರು. ಅಂದು ಅದು ಅರ್ಹತೆಯಾಯಿತು. ಬೆಳಗ್ಗೆ ಎದ್ದೊಡನೆ ತಂಬಿಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಹತ್ತಿಯ ಬೀಜ ಮೊದಲು ಎರಡು ದಪ್ಪ ದಳ ಬಿಚ್ಚುತ್ತದೆ, ಅವು ಎಲೆಯಲ್ಲ. ಆಮೇಲೆ ಬರುವುದು ಮೊದಲನೆಯ ನಿಜವಾದ ಎಲೆ. ಅದು ಬಂದಾಗ ಎರಡೂ ಮಡಿಗಳಲ್ಲಿ ಒಂದೇ ಥರ ಇತ್ತು, ವೀಳ್ಯದೆಲೆಯ ಆಕಾರ, ಎಲ್ಲಿಯೂ ಸೀಳಿಲ್ಲ. ದೊಡ್ಡಪ್ಪ ಬೆನ್ನ ಹಿಂದೆ ಕೈಕಟ್ಟಿ ಬಂದು ನೋಡಿದ.

"ಎಲ್ಲಾ ಅಗಲ ಎಲಿ. ಇಬ್ಬರದೂ ಕೆಟ್ಟೈತಿ. ಇನ್ನೇನು ನೋಡೂದೈತಿ?" ಎಂದು, ಒಲೆ ಹಾಕಲು ಕೆಮ್ಮಣ್ಣು ತರಲು ಹೋದ.

"ಕೂಸಿನ ಮುಖ ನೋಡಿ ಅಪ್ಪನ ಹಂಗ ಐತಿ, ಅವ್ವನ ಹಂಗ ಐತಿ ಅನ್ನೂದು ಬಾಣಂತಿ ಮನ್ಯಾಗ ಆಡೂ ಮಾತು," ಎಂದಳು ಆಯಿ ಅವನ ಬೆನ್ನಿಗೆ. "ಬೆಳೀಲಿ ತಡಿ."

ದೊಡ್ಡಪ್ಪ ತಡೆಯಲಿಲ್ಲ. ಹಿತ್ತಲ ಚಪ್ಪರದ ಕೆಳಗೆ ಮಣ್ಣು ಕಲಸಿ ಒಲೆ ಕಟ್ಟಿಯೇಬಿಟ್ಟ. ಅದು ಒಣಗುತ್ತಿತ್ತು, ಅದರ ಪಕ್ಕದಲ್ಲಿ ಸಸಿಗಳು ಬೆಳೆಯುತ್ತಿದ್ದವು. ದಿನವೂ ಎರಡನ್ನೂ ನಾನು ನೋಡುತ್ತಿದ್ದೆ. ದೊಡ್ಡವ್ವ ಮೆಲ್ಲಗೆ ಬಂದು ನನ್ನ ಕೈಗೆ ಬೆಲ್ಲದ ತುಂಡಿಟ್ಟು, "ಏನು ಕಾಣ್ತೈತಿ ತಂಗಿ?" ಎನ್ನುವಳು. ಎಲೆ ಕಾಣುತ್ತದೆ ಎನ್ನುತ್ತಿದ್ದೆ. "ಎಂಥಾ ಎಲಿ?" ಹಸಿರು ಎಲೆ. "ಆಯಿ ಹಂಗs ಆಗೀದಿ," ಎಂದು ಬೈದು ಹೋಗುವಳು, ಬೆಲ್ಲ ಮಾತ್ರ ವಾಪಸು ಕೇಳುತ್ತಿರಲಿಲ್ಲ. ಅವ್ವ ಏನನ್ನೂ ಕೇಳಲಿಲ್ಲ. ನನ್ನ ತಲೆ ಬಾಚುವಾಗ ಅವಳ ಕೈ ಒಮ್ಮೊಮ್ಮೆ ನಿಲ್ಲುತ್ತಿತ್ತು, ಅಷ್ಟೇ.

ಈಗ ನಾನು ವಿಶ್ವವಿದ್ಯಾಲಯದಲ್ಲಿ ಎಲೆಯ ಆಕಾರವನ್ನೇ ಅಧ್ಯಯನ ಮಾಡುತ್ತೇನೆ. ಆ ಹಿತ್ತಲಲ್ಲಿ ನಡೆಯುತ್ತಿದ್ದದ್ದು ಏನೆಂದು ಹೇಳಬಲ್ಲೆ. ಬೇವಿನ ಗರಗಸದಂಚು, ಔಡಲದ ಅಂಗೈ, ನುಗ್ಗೆಯ ನೂರಾರು ಕಿರುಎಲೆ, ಇವೆಲ್ಲ ಚಿಗುರಿನ ತುದಿಯಲ್ಲಿ ಹುಟ್ಟುವಾಗ ಸೂಜಿಮೊನೆಯಷ್ಟು ಸಣ್ಣ ಉಬ್ಬು, ಒಂದರಂತೆ ಇನ್ನೊಂದು. ಆ ಉಬ್ಬಿನ ಅಂಚಿನಲ್ಲಿ ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ವ್ಯತ್ಯಾಸ. ಹತ್ತಿಯಲ್ಲಿ ಅಂಚಿನ ಕೆಲವೆಡೆ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನ್ ಇದೆ. ಬೆಂಡೆಯೆಲೆಯ ಹತ್ತಿಯಲ್ಲಿ ಅದರ ಪಕ್ಕದ, ಅದನ್ನು ಏರಿಸಿ ಇಳಿಸುವ ಭಾಗದಲ್ಲಿ, ಸಣ್ಣದೊಂದು ತುಂಡು ಎರಡು ಸಲ ಬಂದಿದೆ. ಅಷ್ಟಕ್ಕೇ ಜೀನ್ ಹೆಚ್ಚು ಕೆಲಸ ಮಾಡುತ್ತದೆ, ಬೆರಳುಗಳ ನಡುವಿನ ಭಾಗ ಬೆಳೆಯದೆ ಹಿಂದುಳಿಯುತ್ತದೆ, ಎಲೆ ಸೀಳುತ್ತದೆ. ತಂದೆಯಿಂದ ಅಂಥ ಒಂದು ಪ್ರತಿ, ತಾಯಿಯಿಂದ ಮಾಮೂಲಿ ಪ್ರತಿ ಬಂದರೆ ಕಡಿವಾಣವೂ ಅರ್ಧ, ಸೀಳೂ ಅರ್ಧ. ಸಾಸಿವೆಯ ಕುಲದ ಒಂದು ಕಳೆಗಿಡದಲ್ಲಿ ಇದೇ ಬಳಗದ ಜೀನ್ ಇಡೀ ಎಲೆಯನ್ನು ಕಿರುಎಲೆಗಳಾಗಿ ಬಿಡಿಸುತ್ತದೆ. ಒಂದು ಸಣ್ಣ ಸಲಕರಣೆಯನ್ನು ಎಲ್ಲಿ, ಯಾವಾಗ, ಎಷ್ಟು ಬಳಸಬೇಕೆಂಬುದನ್ನು ಬದಲಿಸುತ್ತ ಗಿಡಗಳು ಇಷ್ಟೊಂದು ಎಲೆಗಳನ್ನು ಮಾಡಿಕೊಂಡಿವೆ ಎಂದು ಮೊದಲ ಸಲ ಓದಿದಾಗ ನನಗೆ ಅಚ್ಚರಿಯಾಗಲಿಲ್ಲ, ಗುರುತು ಹತ್ತಿತು.

ಇನ್ನೊಂದು ಮಾತೂ ಇದೆ. ಸೀಳುವ ಜೀನ್ ಬೀಜದಲ್ಲೇ ಇದ್ದರೂ ಗಿಡದ ಮೊದಲ ಎಲೆಯಲ್ಲಿ ಅದರ ಗುರುತು ಕಾಣುವುದಿಲ್ಲ. ಎಳೆಯ ಗಿಡಕ್ಕೆ ಎಳೆಯ ಎಲೆ, ವಯಸ್ಸು ಬಂದಂತೆ ಒಂದೊಂದೇ ಎಲೆ ತನ್ನ ಆಕಾರಕ್ಕೆ ಬರುತ್ತದೆ. ಮೂರನೆಯದರಲ್ಲಿ ಅನುಮಾನ, ನಾಲ್ಕನೆಯದರಲ್ಲಿ ಹೌದೇನೋ ಅನ್ನಿಸುವಷ್ಟು, ಐದನೆಯದರಲ್ಲಿ ಖಚಿತ. ನಾನು ಅದನ್ನು ಓದಿ ಕಲಿಯಲಿಲ್ಲ, ತಂಬಿಗೆ ಹಿಡಿದು ನಿಂತು ಕಲಿತೆ. ದೊಡ್ಡವ್ವನ ಮಡಿಯಲ್ಲಿ ಐದನೆಯ ಎಲೆ ಬಿಚ್ಚಿದಾಗ ಎಲ್ಲ ಗಿಡಗಳೂ ಅರೆ ಸೀಳಿಗೆ ಬಂದವು. ಅವ್ವನ ಮಡಿಯಲ್ಲಿ ಬಹಳಷ್ಟು ಬಂದವು, ಎಲ್ಲ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಗಿಡ ಅಗಲವಾದ ಎಲೆಯನ್ನೇ ಬಿಚ್ಚಿಕೊಂಡು ನಿಂತಿತ್ತು.

ನನಗಿಂತ ಮೊದಲು ಅದನ್ನು ಯಾರೂ ನೋಡಿರಲಿಲ್ಲ. ಬೆಳಗಿನ ಹೊತ್ತು ಹಿತ್ತಲಲ್ಲಿ ನಾನೊಬ್ಬಳೇ. ಸಸಿಗಳನ್ನು ಯಾರೂ ಎಣಿಸಿರಲಿಲ್ಲ. ಆ ಗಿಡಗಳನ್ನು ಕಿತ್ತು ಗೋಡೆಯಾಚೆ ಎಸೆದು, ಆಡು ಮೇಯಿತು ಎಂದರೆ ಮುಗಿಯಿತು, ಅವ್ವ ಗೆಲ್ಲುತ್ತಿದ್ದಳು. ಒಂದು ಗಿಡದ ಬುಡಕ್ಕೆ ಕೈ ಹಾಕಿದ್ದೂ ನೆನಪಿದೆ. ಮಣ್ಣು ತಣ್ಣಗಿತ್ತು. ಆ ಕೈಯನ್ನು ಹಾಗೇ ತೆಗೆದು, ಆ ಗಿಡಕ್ಕೂ ಉಳಿದವುಗಳಷ್ಟೇ ನೀರು ಹಾಕಿದೆ. ಯಾರೂ ಹೇಳಿಕೊಡದೆ ನಾನೇ ಮಾಡಿದ ಮೊದಲ ನಿರ್ಧಾರ ಅದು. ಇಂದು ಪ್ರಯೋಗಾಲಯದಲ್ಲಿ ನನಗೆ ಬೇಡವಾದ ಫಲಿತಾಂಶ ಬಂದಾಗ ಅದನ್ನೂ ಇದ್ದ ಹಾಗೇ ಬರೆದಿಡುತ್ತೇನೆ. ಅದಕ್ಕೆ ಕಾರಣ ಆ ಬೆಳಗು ಎಂದೇ ನಂಬಿದ್ದೇನೆ.

ಎರಡು ದಿನ ಬಿಟ್ಟು ಆಯಿ ಎಲ್ಲರನ್ನೂ ಹಿತ್ತಲಿಗೆ ಕರೆದಳು. ದೊಡ್ಡಪ್ಪ ಒಣಗಿದ ಒಲೆಯ ಪಕ್ಕ ನಿಂತ, ಅಪ್ಪ ಬಾಗಿಲಲ್ಲಿ. ಸೊಸೆಯಂದಿರು ತಮ್ಮ ತಮ್ಮ ಮಡಿಯ ಹತ್ತಿರ.

"ಈಗ ಹೇಳು ಸಣ್ಣಾಕಿ," ಎಂದಳು ಆಯಿ. "ಏನು ನೋಡೀದಿ?"

ನಾನು ಬಾಯಿ ತೆರೆದೆ. ಹೇಳುವುದೆಂದು ನಿಶ್ಚಯಿಸಿಯೇ ಬಂದಿದ್ದೆ. ಅಷ್ಟರಲ್ಲಿ ಅವ್ವ ಸೀರೆಯ ನೆರಿಗೆ ಎತ್ತಿ ಮಡಿಯೊಳಗೆ ಇಳಿದಳು. ಒಂದು ಅಗಲ ಎಲೆಯ ಗಿಡವನ್ನು ಬುಡಸಹಿತ ಕಿತ್ತು ಮೇಲೆತ್ತಿದಳು.

"ಆಕಿ ಬಾಯಿಲೆ ಯಾಕ ಹೇಳಸ್ತೀರಿ ಅತ್ತಿ? ನನಗೇನು ಕಾಣೂದಿಲ್ಲೇನು? ಇದು ಅಗಲ ಎಲಿ. ಅಲ್ಲಿ ಇನ್ನೊಂದು. ಅದೂ. ಇವೆಲ್ಲಾ ನನ್ನವು." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ರಸ್ತೇಕ ಹೋದ ದಿನದವು. ನಸಿಕಿನ್ಯಾಗ ಬಂದು ಹುಡಿಕಿ ಹುಡಿಕಿ ಕಿತ್ತೀನಿ. ಎಲ್ಲಾ ಸಿಕ್ಕಾವು ಅಂತ ತಿಳಕೊಂಡಿದ್ದೆ. ಹೋಗಿದ್ದಕ್ಕ ನನಗ ನಾಚಿಕಿ ಇಲ್ಲ. ಬಿಟ್ಟಿದ್ದಕ್ಕ ಐತಿ."

ಎಲ್ಲರೂ ದೊಡ್ಡವ್ವನ ಕಡೆ ನೋಡಿದೆವು. ಈಗ ಅವಳ ಸರದಿ, ಏನು ಬೇಕಾದರೂ ಅನ್ನಬಹುದಿತ್ತು. ಅವಳು ಅವ್ವನ ಕೈಯಲ್ಲಿದ್ದ ಗಿಡವನ್ನೇ ನೋಡುತ್ತಿದ್ದಳು, ಬೇರಿನಿಂದ ಮಣ್ಣು ಉದುರುತ್ತಿತ್ತು.

"ನನಗ ಕಂಡಿದ್ದವು," ಎಂದಳು.

"ಏನು?"

"ಆ ಹೂವು. ನನ್ನ ಸಾಲಿಗೆ ಹೋಗಬೇಕಂದ್ರ ನಿನ್ನ ಸಾಲು ದಾಟಿ ಹೋಗಬೇಕಲ್ಲ. ಎಲಿ ಬುಡಕ ಅರಳಿ ನಿಂತಿರ್ತಿದ್ದವು. ನಿನ್ನವು, ನೀನs ನೋಡಿಕೋ ಅಂತ ಬಿಟ್ಟು ಹೋದೆ. ಒಂದಿನ ಅಲ್ಲ."

ದೊಡ್ಡಪ್ಪ ಏನೋ ಹೇಳಲು ಹೊರಟ. ಆಯಿ ಕೈ ಎತ್ತಿ ತಡೆದಳು. ಅವ್ವ ಕೇಳಿದಳು.

"ಯಾಕ ಅಕ್ಕಾ?"

"ಹಾಡಿಕೋತ ಹೋಗ್ತಿದ್ದಿ. ಊರ ಹೆಂಗಸರನ್ನೆಲ್ಲಾ ಮನಿ ಮನಿಗೆ ಹೋಗಿ ಕರಕೊಂಡು ಹೋಗ್ತಿದ್ದಿ. ಒಂದs ಮನ್ಯಾಗ ಇದ್ದ ನನ್ನ ಒಂದಿನಾನೂ ಬಾ ಅನ್ನಲಿಲ್ಲ."

"ನೀ ಬರ್ತೀ ಅಂತ ನನಗ ಅನಿಸಲಿಲ್ಲಕ್ಕಾ."

"ಕೇಳಿದ್ರ ಗೊತ್ತಾಗ್ತಿತ್ತು."

ಹೂವು ಉಳಿದದ್ದನ್ನು ಎಲೆ ತೋರಿಸಿತು. ಕಂಡೂ ದಾಟಿ ಹೋದದ್ದನ್ನು ಯಾವ ಎಲೆಯೂ ತೋರಿಸಲಾರದು. ದೊಡ್ಡವ್ವ ಸುಮ್ಮನಿದ್ದರೆ ಅವಳ ಮಡಿ ಶುದ್ಧ, ಅವಳ ಹೆಸರೂ ಶುದ್ಧ, ಇಂದಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಬೆಳೆಸಿದವರು ಯಾರು ಎಂದು ಕೇಳಿದರೆ ನಾನು ಈ ಇಬ್ಬರ ಹೆಸರು ಹೇಳುತ್ತೇನೆ, ಅವ್ವನದು ಮೊದಲು, ದೊಡ್ಡವ್ವನದು ಅದರ ಬೆನ್ನಿಗೇ. ಹೇಳುವಾಗ ನನ್ನ ದನಿ ತುಸು ಏರುತ್ತದೆಂದು ಗೆಳತಿಯರು ಅನ್ನುತ್ತಾರೆ. ಏರಲಿ.

"ಆಯ್ತಲ್ಲ," ಎಂದಳು ಆಯಿ. "ಕಲಸಿದ ಹಿಟ್ಟು ಒಣಗಾಕ ಹತ್ತೈತಿ. ಒಳಗ ನಡೀರಿ." ಚಪ್ಪರದ ಒಲೆ ಚೆನ್ನಾಗಿಯೇ ಒಣಗಿತ್ತು, ಕೆಡವಲು ದೊಡ್ಡಪ್ಪನಿಗೆ ಮನಸ್ಸಾಗಲಿಲ್ಲ. ಅದರ ಮೇಲೆ ಹಂಡೆ ಕೂಡಿಸಿ ಮೀಯುವ ನೀರು ಕಾಯಿಸಿದೆವು. ಮಳೆ ಬಿದ್ದ ಮೇಲೆ ಕಂಪನಿಯವರು ಸಂಶಯದಿಂದಲೇ ಮತ್ತೆ ಬೀಜ ಕೊಟ್ಟರು. ಆಯಿ ಸಾಲು ಹಂಚಲಿಲ್ಲ. ಹೊಲದ ಈ ತುದಿಯಿಂದ ಅವ್ವ, ಆ ತುದಿಯಿಂದ ದೊಡ್ಡವ್ವ ಬರುವರು, ನಡುವೆ ದಾಟಿ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡುವರು.

"ಶರಣಮ್ಮ, ಇಲ್ಲೊಂದು ಬಿಟ್ಟೀದಿ. ಕಣ್ಣು ಮನ್ಯಾಗ ಇಟ್ಟು ಬಂದೀಯೇನು?"

"ನೀ ಬಂದ ದಾರ್ಯಾಗ ಎರಡು ಸಿಕ್ಕಾವು ಅಕ್ಕಾ. ಬಾಯಿ ಮುಚ್ಚಿಕೊಂಡು ಕೀಳು."

ಆ ವರ್ಷ ಲಾಟ್ ಪಾಸಾಯಿತು. ಆರ್ಗನೈಸರ್ ಬಂದು, ಇಷ್ಟು ಚೊಕ್ಕ ಬೀಜ ಈ ಊರಿಂದ ಬಂದಿದ್ದೇ ಇಲ್ಲ ಎಂದಾಗ ಇಬ್ಬರೂ ಒಳಗಿನಿಂದ ಹೊರಗೆ ಬರಲಿಲ್ಲ. ರೊಟ್ಟಿಯ ಸದ್ದು ಮಾತ್ರ ತುಸು ಜೋರಾಯಿತು.

ತೆಲಂಗಾಣ ರಾಜ್ಯ ಬಂದದ್ದು ಆಮೇಲೆ. ಸುದ್ದಿ ತಿಳಿದ ದಿನ ಊರೆಲ್ಲ ರಸ್ತೆಗೆ ಬಿತ್ತು. ಅವ್ವ ಹೊಲದಿಂದ ಓಡಿ ಬಂದು, ಕೈಕಾಲು ತೊಳೆದು, ಸೀರೆ ಬದಲಿಸಿಕೊಂಡು ಪಡಸಾಲೆಗೆ ಬಂದವಳು ದೊಡ್ಡವ್ವನ ಕೋಣೆಯ ಬಾಗಿಲಲ್ಲಿ ನಿಂತಳು. ಹೇಗೆ ಕೇಳುವುದೆಂದು ತಿಳಿಯದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಅಕ್ಕಾ, ಬರ್ತೀಯೇನು?"

ದೊಡ್ಡವ್ವ ತವರಿನ ನಾರಾಯಣಪೇಟೆ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯ ಮೇಲೆ ಕೂತಿದ್ದಳು.

"ಮಧ್ಯಾಹ್ನದಿಂದ ಉಟ್ಟು ಕುಂತೀನಿ," ಎಂದಳು. "ಎಷ್ಟೊತ್ತು ಬೇಕು ನಿನಗ ಒಂದು ಮಾತು ಕೇಳಾಕ? ನಡಿ, ಮುಂದ ನೀ ನಡಿ. ದಾರಿ ನಿನಗ ಗೊತ್ತೈತಿ."